ಹೊಂದಿಕೊಳ್ಳುವ ಹೊಣೆ ಯಾರದು?

ನಮ್ಮ ಕಡೆ ಬಸುರಿಗೆ ಮಾಡುವ ಕಾರ್ಯವನ್ನು ಸೀಮಂತ ಅನ್ನುವವರು ಕಡಿಮೆ. ಕುಬಸ ಅನ್ನುತ್ತೇವೆ. ‘ಮಗಳ ಕುಬಸ ಐತ್ರಿ, ಬರಬೇಕು’ ಎಂದು ಕರೆಯಲು ಬಂದವರನ್ನು ಯಾರೂ ಯಾವ ಕುಬಸ ಎಂದು ಕೇಳುವುದಿಲ್ಲ. ತವರಿನವರು ಹಸಿರು ಸೀರೆ, ಖಣದ ಕುಬಸ, ಹಸಿರು ಬಳೆ, ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಉಡಿ ತುಂಬುತ್ತಾರೆ. ಒಂದು ರವಿಕೆಯ ಹೆಸರು ಇಡೀ ಸಂಸ್ಕಾರದ ಹೆಸರಾಗಿ ನಿಂತಿದೆ. ತತ್ತ್ವಶಾಸ್ತ್ರ ಓದಲು ಧಾರವಾಡಕ್ಕೆ ಹೋದ ಮೇಲೆ ನನಗೆ ಈ ಹೆಸರು ಬೇರೆ ರೀತಿ ಕೇಳಿಸತೊಡಗಿತು. ಹೆಣ್ಣಿನ ಮೈ ಬದಲಾಗುತ್ತಿದೆ, ಹಳೆಯ ಬಟ್ಟೆ ಇನ್ನು ಅವಳಿಗೆ ಆಗುವುದಿಲ್ಲ, ಹೊಸದನ್ನು ನಾವು ತರುತ್ತೇವೆ ಎಂದು ಬಂಧುಬಳಗವೆಲ್ಲ ಕೂಡಿ ಒಪ್ಪಿಕೊಳ್ಳುವ ದಿನದಂತೆ ಅದು ಕಾಣುತ್ತದೆ. ಅವತ್ತು ಒಂದು ದಿನ ಬಟ್ಟೆಯೇ ಮೈಗೆ ಹೊಂದಿಕೊಳ್ಳುತ್ತದೆ.

ಉಳಿದ ದಿನಗಳಲ್ಲಿ ಲೆಕ್ಕ ತಿರುವುಮುರುವು. ಗಂಡನ ಮನೆಗೆ ಹೊರಟವಳಿಗೆ ಅವ್ವ, ಅತ್ತಿ, ಚಿಗವ್ವ ಎಲ್ಲರೂ ಹೇಳುವ ಮಾತು ಒಂದೇ: ‘ಹೊಂದ್ಕೊಂಡು ಹೋಗು.’ ಕನ್ನಡದ ಈ ಕ್ರಿಯಾಪದ ಬಹಳ ಚತುರ. ಅಂಗಿ ಮೈಗೆ ಹೊಂದುತ್ತದೆ, ಚಪ್ಪಲಿ ಕಾಲಿಗೆ ಹೊಂದುತ್ತದೆ, ಸೊಸೆ ಮನೆಗೆ ಹೊಂದುತ್ತಾಳೆ. ಎರಡು ಸಂಗತಿಗಳು ಕೂಡಬೇಕಾದಾಗ ಒಂದು ಬಾಗಬೇಕಾಗುತ್ತದೆ. ಯಾವುದು ಬಾಗಬೇಕು ಎಂಬುದನ್ನು ಆ ಪದ ಹೇಳುವುದಿಲ್ಲ. ಅದನ್ನು ಹೇಳುವವರು ಬೇರೆ ಯಾರೋ ಇರುತ್ತಾರೆ. ನ್ಯಾಯದ ಬಗ್ಗೆ ಬರೆದ ದಪ್ಪ ಪುಸ್ತಕಗಳಲ್ಲಿ ಈ ಪ್ರಶ್ನೆ ದೊಡ್ಡ ದೊಡ್ಡ ಸಂಸ್ಥೆಗಳ ಸುತ್ತ ತಿರುಗುತ್ತದೆ. ನಾನು ಅದನ್ನು ಜಂಪರು ಮತ್ತು ಸೈಕಲ್ಲಿನ ಹತ್ತಿರ ಇಟ್ಟು ನೋಡಬೇಕೆಂದಿದ್ದೇನೆ. ಇವೆರಡೂ ದಿನವೂ ಮೈಗೆ ತಾಗುವ ವಸ್ತುಗಳು. ಮೈ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ಅದೂ ಪೂರ್ತಿ ನಿಜವಲ್ಲ, ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಬಟ್ಟೆ. ಇಳಕಲ್ ಸೀರೆ ಆರು, ಎಂಟು, ಒಂಬತ್ತು ಗಜದಲ್ಲಿ ಬರುತ್ತದೆ. ಆದರೆ ಅದಕ್ಕೆ ನಡ ಎಷ್ಟು, ಎದೆ ಎಷ್ಟು ಎಂಬ ಅಳತೆ ಇಲ್ಲ. ಹದಿನೆಂಟರ ಮೊಮ್ಮಗಳು, ಎಪ್ಪತ್ತರ ಆಯಿ ಒಂದೇ ಸೀರೆಯನ್ನು ಉಡಬಹುದು. ನೆರಿಗೆ ಎರಡು ಹೆಚ್ಚು ಬರುತ್ತವೆ, ಅಥವಾ ಎರಡು ಕಡಿಮೆ. ಗುಳೇದಗುಡ್ಡದ ಖಣವೂ ಹಾಗೆಯೇ. ಒಂದು ಖಣವೆಂದರೆ ಒಂದು ಕುಬಸಕ್ಕೆ ಸಾಲುವ ತುಂಡು. ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲ ಜೊತೆ ಇಡುವಾಗ ದಪ್ಪಗಿದ್ದವಳಿಗೆ ಬೇರೆ ಖಣ, ತೆಳ್ಳಗಿದ್ದವಳಿಗೆ ಬೇರೆ ಖಣ ಎಂದು ಯಾರೂ ಹುಡುಕುವುದಿಲ್ಲ. ಅದರಿಂದ ಹೊಲಿದ ಹಳೆಯ ಕುಬಸಕ್ಕೆ ಗುಂಡಿ, ಹುಕ್ಕು ಇರುತ್ತಿರಲಿಲ್ಲ. ಎದೆಯ ಕೆಳಗೆ ಎರಡು ತುದಿ ಹಿಡಿದು ಗಂಟು ಹಾಕುವುದು, ಅಷ್ಟೇ. ಬಾಣಂತನದಲ್ಲಿ ಗಂಟು ಸಡಿಲ, ಸುಗ್ಗಿಯಲ್ಲಿ ಸೊರಗಿದಾಗ ಬಿಗಿ. ಬದಲಾಗುವುದೇ ಮೈಯ ಸ್ವಭಾವ ಎಂದು ಮೊದಲೇ ಒಪ್ಪಿಕೊಂಡು ಮಾಡಿದ ಉಡುಪು ಅದು.

ಇದನ್ನು ಹೇಳುತ್ತ ನಾನು ಹಳೆಯದೆಲ್ಲ ಚೆಂದ ಎನ್ನುವ ಹಾಡು ಹಾಡುತ್ತಿಲ್ಲ. ಆ ಕುಬಸದೊಳಗಿನ ಬಾಳು ಸಡಿಲವಾಗಿರಲಿಲ್ಲ. ಬಟ್ಟೆ ಮೈಗೆ ಹೊಂದಿಕೊಂಡಿತ್ತು, ಮೈ ಮಾತ್ರ ಉಳಿದೆಲ್ಲದಕ್ಕೂ ಹೊಂದಿಕೊಳ್ಳಬೇಕಾಗಿತ್ತು.

ಆಮೇಲೆ ಹುಕ್ಕಿನ ಜಂಪರು ಬಂತು, ಅದರ ಹಿಂದೆ ‘ಅಳತಿ ಜಂಪರ್’ ಬಂತು. ನಮ್ಮೂರುಗಳಲ್ಲಿ ಹೆಂಗಸರು ಟೇಲರ್ ಅಂಗಡಿಗೆ ಹೋಗಿ ಟೇಪು ಸುತ್ತಿಸಿಕೊಳ್ಳುವುದು ಈಗಲೂ ಅಪರೂಪ. ಚೆನ್ನಾಗಿ ಕೂತ ಹಳೆಯ ಜಂಪರನ್ನೇ ಚೀಲದಲ್ಲಿ ಇಟ್ಟು ಕಳಿಸುತ್ತಾರೆ. ಟೇಲರ್ ಗಂಡಸಾಗಿದ್ದರಂತೂ ಕೇಳುವುದೇ ಬೇಡ. ಕಟಕೋಳದಲ್ಲಿ ನಮಗೆ ಹೊಲಿದು ಕೊಡುವ ಅಕ್ಕ ಒಮ್ಮೆ ನಾನು ಕೊಟ್ಟ ಜಂಪರನ್ನು ಎತ್ತಿ ಹಿಡಿದು, ‘ಇದು ಹೋದ ವರ್ಷದ ಮೈ ಐತಿ ತಂಗಿ, ಈ ವರ್ಷದ್ದು ಎಲ್ಲೈತಿ?’ ಎಂದಳು. ನಾನು ನಕ್ಕೆ. ಆದರೆ ಆಕೆ ತಮಾಷೆ ಮಾಡುತ್ತಿರಲಿಲ್ಲ, ಟೇಪು ತೆಗೆದಳು. ಅಳತೆ ಅನ್ನುವುದು ಯಾವಾಗಲೂ ನಿನ್ನೆಯ ಮೈಯದ್ದು ಎಂಬ ಆಕೆಯ ತಿಳಿವಳಿಕೆ ರೆಡಿಮೇಡ್ ಕಾರ್ಖಾನೆಗಳಿಗೆ ಬರಲು ಸಾಧ್ಯವೇ ಇಲ್ಲ. ಅವು ಮೈ ಹುಟ್ಟುವ ಮೊದಲೇ ಬಟ್ಟೆ ಹೊಲಿದಿರುತ್ತವೆ.

ರೆಡಿಮೇಡಿನ ಅಳತೆಗಳು ಎಲ್ಲಿಂದ ಬಂದವು? ಅಮೆರಿಕದಲ್ಲಿ 1939–40ರಲ್ಲಿ ಅಲ್ಲಿನ ಕೃಷಿ ಇಲಾಖೆ ಸುಮಾರು 15,000 ಹೆಂಗಸರ ಮೈಯನ್ನು ಅಳೆಸಿತು. ವರದಿ 1941ರಲ್ಲಿ ಬಂತು. ಲೆಕ್ಕಕ್ಕೆ ತೆಗೆದುಕೊಂಡದ್ದು ಬಿಳಿಯ ಹೆಂಗಸರ ಅಳತೆಗಳನ್ನು ಮಾತ್ರ. ನಮ್ಮ ದೇಶದಲ್ಲಿ ನಮ್ಮದೇ ಅಳತೆಪಟ್ಟಿ ಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, ‘ಇಂಡಿಯಾಸೈಜ್’ ಯೋಜನೆಯನ್ನು ಪ್ರಕಟಿಸಿದ್ದು 2018ರಲ್ಲಿ. ಬೆಂಗಳೂರು ಸೇರಿ ಆರು ನಗರಗಳಲ್ಲಿ 25,000 ಜನರ ಮೈಯನ್ನು ತ್ರೀಡಿ ಸ್ಕ್ಯಾನರ್‌ನಿಂದ ಅಳೆಯುವ ಗುರಿ. ಅಲ್ಲಿಯವರೆಗೆ ನಾವು ಅಂಗಡಿಯಲ್ಲಿ ಕೇಳುತ್ತಿದ್ದ ಎಸ್, ಎಂ, ಎಲ್ ಎಲ್ಲ ಬೇರೆ ಯಾರದೋ ಮೈಯ ನೆನಪು. ಭುಜಕ್ಕೆ ಸರಿಯಾದರೆ ಸೊಂಟಕ್ಕೆ ಬಿಗಿ, ಸೊಂಟಕ್ಕೆ ಸರಿಯಾದರೆ ತೋಳು ಬೆರಳ ತುದಿಯವರೆಗೆ. ಟ್ರಯಲ್ ರೂಮಿನ ಕನ್ನಡಿಯ ಮುಂದೆ ನಿಂತ ಹುಡುಗಿ ಏನು ಹೇಳುತ್ತಾಳೆ ಗಮನಿಸಿ. ‘ಈ ಕುರ್ತಾ ಸರಿಯಿಲ್ಲ’ ಎನ್ನುವುದಿಲ್ಲ. ‘ನಾನು ದಪ್ಪ ಆಗೇನಿ’, ‘ನನ್ನ ಹೆಗಲ ಸಣ್ಣವು’ ಎನ್ನುತ್ತಾಳೆ. ತಪ್ಪು ಬಟ್ಟೆಯಿಂದ ಮೈಗೆ ವರ್ಗವಾಗುವುದು ಆ ಅರ್ಧ ನಿಮಿಷದಲ್ಲಿ. ಪ್ರಾಚೀನ ಗ್ರೀಸಿನ ಪ್ರೊಟಾಗೊರಸ್ ಮನುಷ್ಯನೇ ಎಲ್ಲದರ ಅಳತೆಗೋಲು ಎಂದಿದ್ದ. ಟ್ರಯಲ್ ರೂಮಿನಲ್ಲಿ ಅಳತೆಗೋಲು ಹ್ಯಾಂಗರಿಗೆ ತೂಗುಬಿದ್ದಿರುತ್ತದೆ.

ಸೈಕಲ್ಲಿನ ಕಥೆ ಇನ್ನೂ ವಿಚಿತ್ರ, ಅದಕ್ಕೇ ಅದರ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು.

ಮುಂದಿನ ಗಾಲಿ ಆಳೆತ್ತರ, ಹಿಂದಿನದು ಪುಟ್ಟದು ಇರುವ ಹಳೆಯ ಸೈಕಲ್ಲಿನ ಚಿತ್ರ ನೀವು ನೋಡಿರಬಹುದು. ಆ ಸೈಕಲ್ಲಿನಲ್ಲಿ ಪೆಡಲು ನೇರ ಗಾಲಿಗೇ ಜೋಡಿಸಿರುತ್ತಿತ್ತು. ಹಾಗಾಗಿ ಸವಾರನ ಕಾಲು ಎಷ್ಟು ಉದ್ದವೋ ಅಷ್ಟೇ ದೊಡ್ಡ ಗಾಲಿ ಕೊಳ್ಳಬಹುದಾಗಿತ್ತು. ಅಪಾಯದ ಯಂತ್ರ ನಿಜ, ಆದರೆ ಅದನ್ನು ಕೊಳ್ಳುವಾಗ ಅಂಗಡಿಯವನು ಮೊದಲು ಕಾಲು ನೋಡಲೇಬೇಕಿತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ತಂದ. ಹೆಚ್ಚುಕಡಿಮೆ ಒಂದೇ ಎತ್ತರದ ಎರಡು ಗಾಲಿ, ಹಿಂದಿನ ಗಾಲಿಗೆ ಚೈನು. ಗಾಲಿ ಕಾಲಿನ ಹಂಗಿನಿಂದ ಬಿಡುಗಡೆಯಾಯಿತು. ನಾವು ಇಂದು ಓಡಿಸುವ ಎಲ್ಲ ಸೈಕಲ್ಲುಗಳ ಅಜ್ಜ ಅದು. ಹೆಂಗಸರು ಸೈಕಲ್ ಹತ್ತಿದ್ದು ಮುಖ್ಯವಾಗಿ ಈ ಬದಲಾವಣೆಯ ನಂತರವೇ. ಅವರಿಗಾಗಿ 1880ರ ದಶಕದ ಕೊನೆಯ ಹೊತ್ತಿಗೆ ಅಡ್ಡ ಬಾರು ಇಲ್ಲದ, ನಡುವೆ ಬಾಗಿದ ಚೌಕಟ್ಟು ಬಂತು. ಅದೇ ನಮ್ಮ ‘ಲೇಡೀಸ್ ಸೈಕಲ್’.

ಆ ಬಾಗು ಹೆಣ್ಣಿನ ಮೈಗಾಗಿ ಮಾಡಿದ್ದಲ್ಲ. ಅವಳ ಲಂಗಕ್ಕಾಗಿ ಮಾಡಿದ್ದು. ನೆಲ ಗುಡಿಸುವ ವಿಕ್ಟೋರಿಯನ್ ಲಂಗ ಬಾರಿಗೆ ಸಿಕ್ಕಿ ಮೇಲೆ ಸರಿಯಬಾರದು, ಕಾಲು ಕಾಣಬಾರದು. ಹಿಂದಿನ ಗಾಲಿಗೆ ದಾರದ ಜಾಲರಿ, ಚೈನಿಗೆ ಡಬ್ಬಿ, ಎಲ್ಲವೂ ಬಟ್ಟೆಯ ಸಲುವಾಗಿ. ಅವಳ ಕೈಯ ಉದ್ದ, ಅಂಗೈಯ ಅಗಲ, ಕೂರುವ ಎಲುಬುಗಳ ನಡುವಿನ ಅಂತರ ಇವುಗಳ ಬಗ್ಗೆ ಆ ಚೌಕಟ್ಟಿಗೆ ಏನೂ ತಿಳಿಯದು. ಅಂದರೆ ಲೇಡೀಸ್ ಸೈಕಲ್ಲಿನಲ್ಲಿ ಯಂತ್ರ ಬಾಗಿದ್ದು ನಿಜ, ಆದರೆ ಮಾನಕ್ಕೆ ಬಾಗಿತು, ಮೈಗಲ್ಲ. ಲಂಗ ಬಿಟ್ಟು ಸಡಿಲ ಇಜಾರ ತೊಟ್ಟು ಸವಾರಿ ಮಾಡಿದವರಿಗೆ ಏನಾಯಿತು ಎಂದರೆ, 1898ರಲ್ಲಿ ಲೇಡಿ ಹಾರ್ಬರ್ಟನ್ ಎಂಬಾಕೆಗೆ ಇಂಗ್ಲೆಂಡಿನ ಒಂದು ಹೋಟೆಲಿನಲ್ಲಿ ಆ ಉಡುಪಿಗಾಗಿ ಕಾಫಿ ರೂಮಿನೊಳಗೆ ಬಿಡಲಿಲ್ಲ. ಮೊಕದ್ದಮೆ ನಡೆದು, ಆಕೆಯ ಪಕ್ಷ ಸೋತಿತು.

ನಮ್ಮಲ್ಲೂ ಕಾನೂನಿಗೆ ಹೆಣ್ಣಿನ ಬಟ್ಟೆ ಚೆನ್ನಾಗಿ ಗೊತ್ತು. ಬೈಕಿನ ಹಿಂದಿನ ಗಾಲಿಯ ಪಕ್ಕದ ‘ಸಾರಿ ಗಾರ್ಡ್’ ಬರೀ ಅಂಗಡಿಯವರ ಅಲಂಕಾರವಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹಿಂದೆ ಕೂರುವವರ ಬಟ್ಟೆ ಗಾಲಿಗೆ ಸಿಲುಕದಂತೆ ಗಾಲಿಯ ಅರ್ಧ ಭಾಗಕ್ಕಾದರೂ ರಕ್ಷಣೆ ಇರಬೇಕು ಎನ್ನುತ್ತದೆ. ಜೀವ ಉಳಿಸುವ ನಿಯಮ, ಅದಕ್ಕೆ ಎರಡು ಮಾತಿಲ್ಲ. ಆದರೆ ಕಾನೂನಿನ ಕಣ್ಣಿಗೆ ಸೀರೆ ಬಿದ್ದಷ್ಟು ಬೇಗ ಸೀರೆಯೊಳಗಿನ ಮೈ ಬೀಳುವುದಿಲ್ಲ ಎಂದು ನನಗನ್ನಿಸುತ್ತದೆ.

ಸೀರೆ ಉಟ್ಟವಳು ಬಾರು ದಾಟಲಾರಳು ಎಂಬುದು ಸೀರೆಯ ಸ್ವಭಾವವೂ ಅಲ್ಲ. ಕಟಕೋಳದಿಂದ ಸವದತ್ತಿ ದಾಟಿ ಬೈಲಹೊಂಗಲಕ್ಕೆ ಹೋದರೆ ಅಲ್ಲಿ ರಾಣಿ ಚೆನ್ನಮ್ಮನ ಸಮಾಧಿ ಇದೆ. 1824ರ ಅಕ್ಟೋಬರಿನಲ್ಲಿ ಥ್ಯಾಕರೆ ಕಿತ್ತೂರಿನ ಮುಂದೆ ಸತ್ತ, ಆಮೇಲೆ ಸೆರೆಸಿಕ್ಕ ರಾಣಿ ಬೈಲಹೊಂಗಲದಲ್ಲಿ 1829ರಲ್ಲಿ ತೀರಿಕೊಂಡಳು. ನಮ್ಮ ಜಿಲ್ಲೆಯ ಯಾವ ಚೌಕದಲ್ಲಾದರೂ ಅವಳ ಮೂರ್ತಿ ನೋಡಿ. ಕುದುರೆಯ ಎರಡೂ ಕಡೆ ಕಾಲು ಇಳಿಬಿಟ್ಟು, ಕತ್ತಿ ಎತ್ತಿ ಕೂತಿದ್ದಾಳೆ. ಅದೇ ಕಾಲದ ಇಂಗ್ಲಿಷ್ ದೊರೆಸಾನಿಯರು ಎರಡೂ ಕಾಲನ್ನು ಒಂದೇ ಕಡೆ ಇಟ್ಟು ಕೂರುವ ವಿಶೇಷ ಜೀನಿನ ಮೇಲೆ ಸವಾರಿ ಮಾಡುತ್ತಿದ್ದರು. ನಮ್ಮ ಆಯಿಯಂದಿರ ಕಚ್ಚೆ ಸೀರೆಯಲ್ಲಿ ಹೊಲ ಉತ್ತಬಹುದು, ಮರ ಹತ್ತಬಹುದು, ಬೇಕಾದರೆ ಕುದುರೆ ಏರಬಹುದು. ಕಚ್ಚೆ ಬಿಟ್ಟು, ಕಾಲಿಗೆ ಸುತ್ತಿದ ಆರು ಗಜದ ಸೀರೆ ಮರ್ಯಾದೆಯದ್ದಾದ ಮೇಲೆ ನಾವು ಬೈಕಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂರತೊಡಗಿದೆವು. ಇದನ್ನು ಪ್ರಗತಿ ಎಂದು ಎಲ್ಲಿ ಬರೆದಿಡಬೇಕೋ ತಿಳಿಯದು.

ಇನ್ನೊಂದು ಉದಾಹರಣೆ ನನಗೆ ಬಹಳ ಪ್ರಿಯ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಮೊದಲ ವರ್ಷಗಳಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಗ್ರಾಮೀಣ ಹೆಂಗಸರು ಸೈಕಲ್ ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಅದರ ಬಗ್ಗೆ ಬರೆದಿದ್ದಾರೆ. ಅವರು ಗಮನಿಸಿದ ಒಂದು ವಿವರ: ಲೇಡೀಸ್ ಸೈಕಲ್ಲಿನ ಕೊರತೆ ಇತ್ತು, ಅದು ಸರಿ. ಆದರೆ ಕೆಲವರು ಬೇಕೆಂದೇ ಗಂಡಸರ ಸೈಕಲ್ಲನ್ನು ಇಷ್ಟಪಟ್ಟರು. ಯಾಕೆ? ಅಡ್ಡ ಬಾರಿನ ಮೇಲೆ ಮಗುವನ್ನು ಕೂರಿಸಬಹುದು. ಮಾನ ಕಾಯಲೆಂದು ನೂರು ವರ್ಷದ ಹಿಂದೆ ತೆಗೆದುಹಾಕಿದ ಬಾರನ್ನು ಈ ಹೆಂಗಸರು ಮರಳಿ ಕೇಳಿದರು. ಹೆಣ್ಣಿಗೆ ಏನು ಬೇಕು ಎಂದು ಅವಳ ಪರವಾಗಿ ನಿರ್ಧರಿಸುವವರು ಅವಳ ಲಂಗವನ್ನು ನೋಡಿದರು, ಅವಳ ಮಗುವನ್ನು ನೋಡಲಿಲ್ಲ.

ಈಗ ನಮ್ಮ ರಾಜ್ಯಕ್ಕೆ ಬರುತ್ತೇನೆ. 2006–07ರಿಂದ ಕರ್ನಾಟಕದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಿತು. ಹುಡುಗರಿಗೆ ಬಾರಿನದು, ಹುಡುಗಿಯರಿಗೆ ಬಾರಿಲ್ಲದ್ದು. ನನಗೂ 2010ರಲ್ಲಿ ಒಂದು ಬಂತು. ಇಂಥ ಯೋಜನೆಯನ್ನು ಮೂಗು ಮುರಿದು ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದೇ ಹೊತ್ತಿಗೆ ಬಿಹಾರದಲ್ಲಿ ಶುರುವಾದ ಇಂಥದೇ ಯೋಜನೆಯನ್ನು ಅಭ್ಯಸಿಸಿದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್, ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಅದರಿಂದ ಶೇ. 32ರಷ್ಟು ಏರಿತು, ಹುಡುಗ–ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ತಗ್ಗಿತು ಎಂದು ತೋರಿಸಿದ್ದಾರೆ. ಹೈಸ್ಕೂಲು ನಾಲ್ಕೈದು ಕಿಲೋಮೀಟರ್ ದೂರ, ಬಸ್ಸು ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವ ಹಳ್ಳಿಗಳಲ್ಲಿ ಆ ಸೈಕಲ್ ಇಲ್ಲದಿದ್ದರೆ ಓದು ಏಳಕ್ಕೇ ನಿಲ್ಲುತ್ತಿದ್ದ ಗೆಳತಿಯರನ್ನು ಹೆಸರು ಹಿಡಿದು ಹೇಳಬಲ್ಲೆ. ಮಲಪ್ರಭೆಯ ಕಡೆಯ ಕರಿಮಣ್ಣಿನ ದಾರಿಯಲ್ಲಿ, ಬೆಳಗ್ಗೆ ಎಂಟೂವರೆಗೆ, ಸಾಲಾಗಿ ಹೋಗುವ ಹುಡುಗಿಯರ ಬೆಲ್ಲಿನ ಸದ್ದು ನನ್ನ ಪಾಲಿಗೆ ಒಂದು ರಾಜಕೀಯ ಘೋಷಣೆಗಿಂತ ಕಡಿಮೆಯದಲ್ಲ.

ಆದರೆ ಅಮರ್ತ್ಯ ಸೇನ್ ತಮ್ಮ ವಾದಕ್ಕೆ ಆರಿಸಿಕೊಂಡ ಉದಾಹರಣೆ ಕೂಡ ಸೈಕಲ್ಲೇ. 1985ರ ‘ಕಮಾಡಿಟೀಸ್ ಅಂಡ್ ಕೇಪಬಿಲಿಟೀಸ್’ನಲ್ಲಿ ಅವರು ಹೇಳುವುದು ಸರಳ: ಸೈಕಲ್ ಇರುವುದು ಬೇರೆ, ಅದರಿಂದ ಓಡಾಡಲು ಆಗುವುದು ಬೇರೆ. ನಡುವೆ ಒಂದು ಮೈ ಇದೆ. ಒಂದೇ ವಸ್ತು ಒಂದು ಮೈಯಲ್ಲಿ ಚಲನೆಯಾಗಿ ಮಾರ್ಪಡುತ್ತದೆ, ಇನ್ನೊಂದರಲ್ಲಿ ಆಗುವುದಿಲ್ಲ. ಎಲ್ಲರಿಗೂ ಒಂದೊಂದು ಸೈಕಲ್ ಕೊಟ್ಟರೆ ಸಮಾನತೆ ಬಂತು ಎಂದು ಎಣಿಸುವವರು ಸೈಕಲ್ಲುಗಳನ್ನು ಎಣಿಸಿದ್ದಾರೆ, ಮಕ್ಕಳನ್ನಲ್ಲ.

ಎಂಟನೇ ತರಗತಿ ಎಂದರೆ ಹದಿಮೂರರ ವಯಸ್ಸು. ಹುಡುಗಿಯರು ಹುಡುಗರಿಗಿಂತ ಒಂದೆರಡು ವರ್ಷ ಮೊದಲೇ ಎತ್ತರ ಬೆಳೆಯುತ್ತಾರೆ. ಹಾಗಾಗಿ ಆ ತರಗತಿಯಲ್ಲಿ ಅನೇಕ ಹುಡುಗಿಯರು ಹುಡುಗರಿಗಿಂತ ಎತ್ತರ ಇರುತ್ತಾರೆ. ನಮ್ಮ ತರಗತಿಯಲ್ಲೇ ಅತಿ ಎತ್ತರದವಳಿಗೂ ಅತಿ ಗಿಡ್ಡದವಳಿಗೂ ನಡುವೆ ಒಂದು ಅಡಿ ಅಂತರವಿತ್ತು. ಸೈಕಲ್ ಓಡಿಸುವವರಿಗೆ ಗೊತ್ತು, ಪೆಡಲು ಕೆಳಗೆ ಹೋದಾಗ ಮೊಣಕಾಲು ಸ್ವಲ್ಪವೇ ಮಡಚಿರಬೇಕು. ಸೀಟು ತಗ್ಗಿದ್ದರೆ ಮೊಣಕಾಲಿನ ಮುಂಭಾಗ ನೋಯುತ್ತದೆ, ಎತ್ತರವಿದ್ದರೆ ಸೊಂಟ ಅತ್ತಿತ್ತ ತೂಗುತ್ತದೆ. ಹ್ಯಾಂಡಲ್ ದೂರವಿದ್ದರೆ ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ. ಬ್ರೇಕ್ ಹಿಡಿಯಲು ಬೆರಳು ನಿಲುಕದಿದ್ದರೆ ಇಳಿಜಾರಿನಲ್ಲಿ ಚಪ್ಪಲಿಯೇ ಬ್ರೇಕು. ಪೆಡಲಿನ ಕ್ರ್ಯಾಂಕ್ ದೊಡ್ಡವರ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ 170 ಮಿಲಿಮೀಟರ್, ಆರಡಿಯವನಿಗೂ ಅಷ್ಟೇ, ನಾಲ್ಕಡಿ ಒಂಬತ್ತು ಅಂಗುಲದವಳಿಗೂ ಅಷ್ಟೇ. ವಿಜಯಪುರ–ಬಾಗಲಕೋಟೆ ಸೀಮೆಯ ಸೈಕ್ಲಿಂಗ್ ಪಟುಗಳನ್ನು ನೋಡಿ, ಸೀಟು ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಅವರಿಗೆ ತಿಳಿಯುತ್ತದೆ. ಪದಕ ತರುವ ಮೊಣಕಾಲಿಗೆ ಇರುವ ಲೆಕ್ಕ ಶಾಲೆಗೆ ಹೋಗುವ ಮೊಣಕಾಲಿಗೆ ಇಲ್ಲ.

ಇಲ್ಲಿ ಒಬ್ಬ ನೇಕಾರ ಎದುರು ನಿಲ್ಲುತ್ತಾನೆ. ಒಳಗೆ ಸುಳಿಯುವ ಆತ್ಮಕ್ಕೆ ಹೆಣ್ಣು ಗಂಡೆಂಬುದಿಲ್ಲ ಎಂದವನು ಜೇಡರ ದಾಸಿಮಯ್ಯ. ಸಮಾನತೆಗೆ ಕನ್ನಡದಲ್ಲಿ ಇದಕ್ಕಿಂತ ಗಟ್ಟಿಯಾದ ನೆಲ ಸಿಗುವುದು ಕಷ್ಟ. ಹೀಗಿರುವಾಗ ಹೆಣ್ಣಿನ ಮೈ ಬೇರೆ, ಅವಳ ಅಳತೆ ಬೇರೆ ಎಂದು ಹಟ ಹಿಡಿಯುವುದು ಹಿಂದಕ್ಕೆ ನಡೆದಂತಲ್ಲವೇ? ಬೇರೆ ಎಂದ ಕೂಡಲೇ ಕಡಿಮೆ ಎನ್ನುವವರು ಕಾದು ಕೂತಿರುತ್ತಾರೆ. ಈ ಭಯ ನನಗೂ ಇದೆ. ಆದರೆ ಆತ್ಮಕ್ಕೆ ಸೀಟಿನ ಎತ್ತರ ಬೇಕಿಲ್ಲ, ಮೊಣಕಾಲಿಗೆ ಬೇಕು. ದಾಸಿಮಯ್ಯನ ಮಾತು ಯಾರನ್ನೂ ಕೀಳೆಂದು ಕಾಣಬಾರದು ಎಂಬುದಕ್ಕೆ ಆಧಾರ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯಿರಿ ಎಂಬುದಕ್ಕೆ ಆಧಾರವಲ್ಲ. ಮಗ್ಗದ ಮುಂದೆ ಕೂತವನಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿದ್ದೀತು.

ಇನ್ನೊಂದು ಬದಿಯ ತಪ್ಪು ಹೆಚ್ಚು ನಯವಾಗಿ ಬರುತ್ತದೆ. ‘ಹೆಂಗಸರ ಕಾಲು ಉದ್ದ, ಮುಂಡ ಗಿಡ್ಡ, ಆದ್ದರಿಂದ ಅವರಿಗೆ ಬೇರೆ ಸೈಕಲ್’ ಎಂಬ ಮಾತು ಸೈಕಲ್ ವ್ಯಾಪಾರದಲ್ಲಿ ಬಹಳ ಕಾಲದಿಂದ ಇದೆ. ಸರಾಸರಿಯಲ್ಲಿ ನೋಡಿದರೆ ಹಾಗಿಲ್ಲ. ಒಟ್ಟು ಎತ್ತರದಲ್ಲಿ ಮುಂಡದ ಪಾಲು ವಯಸ್ಕ ಹೆಂಗಸರಲ್ಲಿ ಗಂಡಸರಷ್ಟೇ, ಅಥವಾ ಒಂದು ಕೂದಲು ಹೆಚ್ಚು. ಹೆಂಗಸರು ಸರಾಸರಿ ಗಿಡ್ಡ, ಭುಜ ಕಿರಿದು, ಅಂಗೈ ಚಿಕ್ಕದು, ಕಟಿಯ ಎಲುಬು ಅಗಲ ಎಂಬುದು ನಿಜ. ಆದರೆ ಒಬ್ಬ ಹೆಣ್ಣಿಗೂ ಇನ್ನೊಬ್ಬ ಹೆಣ್ಣಿಗೂ ಇರುವ ವ್ಯತ್ಯಾಸ ಹೆಣ್ಣು–ಗಂಡಿನ ಸರಾಸರಿಗಳ ನಡುವಿನ ವ್ಯತ್ಯಾಸಕ್ಕಿಂತ ಎಷ್ಟೋ ದೊಡ್ಡದು. ಗಂಡಿನ ಮೈಯನ್ನು ಮನುಷ್ಯನ ಮೈ ಎಂದು ಕರೆದದ್ದು ಮೊದಲನೆಯ ಅನ್ಯಾಯ. ಅದನ್ನು ಸರಿಪಡಿಸಲು ‘ಹೆಣ್ಣಿನ ಮೈ’ ಎಂಬ ಒಂದು ಅಚ್ಚು ಮಾಡಿ, ಗುಲಾಬಿ ಬಣ್ಣ ಬಳಿದು, ಮುಂದೆ ಬುಟ್ಟಿ ಸಿಗಿಸಿ ಮಾರುವುದು ಎರಡನೆಯದು. ಎತ್ತರದ ಹುಡುಗಿಗೂ ಗಿಡ್ಡ ಹುಡುಗನಿಗೂ ಇವೆರಡರಲ್ಲೂ ಜಾಗವಿಲ್ಲ.

ಸರಾಸರಿಯ ಮೇಲೆ ನನಗಿರುವ ಅನುಮಾನಕ್ಕೆ ಒಂದು ಪ್ರಸಿದ್ಧ ಕಾರಣವಿದೆ. 1950ರ ಸುಮಾರಿಗೆ ಅಮೆರಿಕದ ವಾಯುಪಡೆ 4,063 ಪೈಲಟ್‌ಗಳನ್ನು ಅಳೆಸಿತು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವಕ ಹತ್ತು ಅಳತೆಗಳನ್ನು ತೆಗೆದುಕೊಂಡು, ಹತ್ತರಲ್ಲೂ ಸರಾಸರಿಯ ಹತ್ತಿರ ಇರುವವರು ಎಷ್ಟು ಮಂದಿ ಎಂದು ಲೆಕ್ಕ ಹಾಕಿದ. ಒಬ್ಬನೂ ಇರಲಿಲ್ಲ. ಸರಾಸರಿ ಪೈಲಟ್‌ಗೆಂದು ಮಾಡಿದ ಕಾಕ್‌ಪಿಟ್ ಯಾರಿಗೂ ಮಾಡಿದ್ದಾಗಿರಲಿಲ್ಲ. ಆಗ ಬಂದ ಉಪಾಯ ಇನ್ನೂ ಒಳ್ಳೆಯ ಸರಾಸರಿ ಹುಡುಕುವುದಲ್ಲ, ಹಿಂದೆಮುಂದೆ ಸರಿಸಬಹುದಾದ ಸೀಟು. ಅವರೆಲ್ಲ ಗಂಡಸರೇ ಎಂಬುದನ್ನು ಮರೆಯಬೇಡಿ. ಅಷ್ಟು ಒಂದೇ ಬಗೆಯ ಗುಂಪಿನಲ್ಲೂ ಅಚ್ಚಿಗೆ ಸರಿಹೊಂದಿದವನು ಒಬ್ಬನೂ ಸಿಗಲಿಲ್ಲ.

ಮೈ ಸುಳ್ಳು ಹೇಳುವುದಿಲ್ಲ ಎಂಬ ಮಾತಿಗೆ ಮರಳುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಎಲ್ಲರೂ ಉಂಡ ಮೇಲೆ ಉಣ್ಣುವ ಮನೆಗಳಲ್ಲಿ ಬೆಳೆದ ಹುಡುಗಿಯ ಎತ್ತರ ಪ್ರಕೃತಿ ಕೊಟ್ಟದ್ದೋ, ತಾಟಿನಲ್ಲಿ ಉಳಿದದ್ದೋ? ಟೇಪು ಇದನ್ನು ಹೇಳಲಾರದು. ಅವಳ ಗಿಡ್ಡತನಕ್ಕೆ ತಕ್ಕ ಸೈಕಲ್ ಮಾಡುವುದೆಂದರೆ ಒಂದು ಅನ್ಯಾಯವನ್ನು ಮಾನದಂಡ ಮಾಡಿಕೊಂಡಂತೆ ಎಂದು ಯಾರಾದರೂ ವಾದಿಸಿದರೆ ನನಗೆ ಥಟ್ಟನೆ ಉತ್ತರ ಹೊಳೆಯುವುದಿಲ್ಲ. ಹಾಲು, ಮೊಟ್ಟೆ, ತತ್ತಿ ಹಂಚುವ ವಾದ ಅದು, ಸರಿಯಾದ ವಾದ. ಆದರೆ ಅದರ ಫಲ ಬರಲು ಒಂದು ತಲೆಮಾರು ಬೇಕು. ಹುಡುಗಿ ಶಾಲೆಗೆ ಹೋಗಬೇಕಾದದ್ದು ನಾಳೆ ಬೆಳಗ್ಗೆ, ಇರುವ ಕಾಲಿನಿಂದ.

ಅಳೆಯುವುದೇ ಒಂದು ಕಾಳಜಿ ಎಂದು ಇಷ್ಟು ಹೊತ್ತು ಮಾತಾಡಿದ್ದೇನೆ, ಆದರೆ ಹೆಣ್ಣಿನ ಮೈಯನ್ನು ಅಳೆಯುವುದರಲ್ಲಿ ನಮ್ಮವರು ಎಂದೂ ಹಿಂದೆ ಬಿದ್ದವರಲ್ಲ. ಕನ್ಯೆ ನೋಡಲು ಬಂದವರು ಹುಡುಗನ ಪಕ್ಕ ನಿಲ್ಲಿಸಿ ಎತ್ತರ ನೋಡುತ್ತಾರೆ, ನಡೆಸಿ ನೋಡುತ್ತಾರೆ. ಬಣ್ಣ, ಜಡೆ, ದಪ್ಪ ಎಲ್ಲಕ್ಕೂ ಲೆಕ್ಕವಿದೆ. ಚೀಲದಲ್ಲಿ ಅಳತಿ ಜಂಪರ್ ಕಳಿಸುವ ಹೆಂಗಸರ ಸಂಕೋಚದಲ್ಲಿ ಈ ಕಣ್ಣುಗಳ ನೆನಪಿದೆ. ಹಾಗಾದರೆ ಎರಡು ಅಳತೆಗಳಿಗೆ ವ್ಯತ್ಯಾಸವೇನು? ನನಗೆ ತೋಚಿದ್ದು ಇಷ್ಟು: ಕನ್ಯೆ ನೋಡುವವರು ಅಳೆದ ಮೇಲೆ ಬದಲಾಗಬೇಕಾದವಳು ಹುಡುಗಿ, ಇಲ್ಲವೇ ಅವಳ ಅಪ್ಪನ ಕಿಸೆ. ಹೊಲಿಯುವ ಅಕ್ಕ ಅಳೆದ ಮೇಲೆ ಬದಲಾಗುವುದು ಬಟ್ಟೆ. ಟೇಪು ಅದೇ. ಅಳೆದಾದ ಮೇಲೆ ಕತ್ತರಿ ಯಾವುದರ ಮೇಲೆ ಬೀಳುತ್ತದೆ ಎಂದು ನೋಡಬೇಕು.

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಐದನೆಯ ಪುಸ್ತಕದಲ್ಲಿ ಒಂದು ಅಳತೆಪಟ್ಟಿಯ ಬಗ್ಗೆ ಹೇಳುತ್ತಾನೆ. ಲೆಸ್ಬಾಸ್ ದ್ವೀಪದ ಕಲ್ಲುಕುಟಿಗರು ಸೀಸದ ಪಟ್ಟಿ ಇಟ್ಟುಕೊಳ್ಳುತ್ತಿದ್ದರಂತೆ. ಸೀಸ ಮೆತ್ತಗೆ, ಕಲ್ಲು ಹೇಗಿದೆಯೋ ಹಾಗೆ ಬಾಗುತ್ತದೆ. ಕಾನೂನು ಎಲ್ಲರಿಗೂ ಸೇರಿ ಮಾಡಿದ್ದಾದ್ದರಿಂದ ಕೆಲವೊಮ್ಮೆ ಎದುರಿನ ಸಂಗತಿಗೆ ತಾಳೆಯಾಗುವುದಿಲ್ಲ, ಆಗ ಆ ಸೀಸದ ಪಟ್ಟಿಯ ಹಾಗೆ ಬಾಗುವ ವಿವೇಕ ಬೇಕು ಎಂಬುದು ಅವನ ಮಾತು. ವಿದ್ಯಾರ್ಥಿಗಳಿಗೆ ಇದನ್ನು ಪಾಠ ಮಾಡುವಾಗ ಒಬ್ಬ ಹುಡುಗ ಕೇಳಿದ: ‘ಮೇಡಂ, ಕಲ್ಲಿನ ಹಂಗ ಬಾಗೋ ಪಟ್ಟಿಯಿಂದ ಏನ್ ಅಳೀತಾರ್ರಿ? ಗ್ವಾಡಿ ಸೊಟ್ಟ ಆಗಂಗಿಲ್ಲೇನು?’ ಒಳ್ಳೆಯ ಪ್ರಶ್ನೆ. ಗೋಡೆ ಸೊಟ್ಟವಾಗದಿರಲು ಯಾವುದೋ ಒಂದು ನೆಟ್ಟಗಿರಬೇಕು. ಎಲ್ಲರೂ ಶಾಲೆಗೆ ತಲುಪಬೇಕು ಎಂಬುದು ನೆಟ್ಟಗಿರಲಿ, ಸೀಟು ಬಾಗಲಿ ಎಂದು ಅವನಿಗೆ ಉತ್ತರಿಸಿದೆ. ಅವನಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಹೊಂದಿಕೊಳ್ಳುವುದರ ದೊಡ್ಡ ಅಪಾಯ ಎಂದರೆ, ಅದು ರೂಢಿಯಾದ ಮೇಲೆ ನೋವು ದೂರಾಗಿ ಹೊರಗೆ ಬರುವುದಿಲ್ಲ. ಮೂರು ವರ್ಷ ಮಣಿಕಟ್ಟಿನ ಮೇಲೆ ಭಾರ ಹಾಕಿ ಸೈಕಲ್ ತುಳಿದವಳು ಸೈಕಲ್ ಅಂದರೇನೇ ಹಾಗೆ ಎಂದುಕೊಂಡಿರುತ್ತಾಳೆ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ನಮಗೆ ಬಸ್ಸು ಉಚಿತ. ನಾನೂ ರಾಮದುರ್ಗದ ಬಸ್ಸಿನಲ್ಲಿ ಅದೇ ಚೀಟಿ ಹಿಡಿದು ನಿಂತಿರುತ್ತೇನೆ, ಖುಷಿಯಿಂದಲೇ. ಮೇಲಿನ ಹಿಡಿಕೆಯ ಸರಳಿಗೆ ಕೈ ನಿಲುಕದ ಹೆಂಗಸರು ಸೀಟಿನ ಮೂಲೆ ಹಿಡಿದು, ಒಬ್ಬರನ್ನೊಬ್ಬರು ಹಿಡಿದು, ತಿರುವಿನಲ್ಲಿ ವಾಲುತ್ತ ನಗುತ್ತ ನಿಂತಿರುತ್ತಾರೆ. ಸರಳು ಎತ್ತರ ಆಯಿತು ಎಂದು ಒಬ್ಬರೂ ಅಂದದ್ದನ್ನು ಕೇಳಿಲ್ಲ.

ಕೋವಿಡ್ ನಂತರ ಶಾಲೆಗಳಲ್ಲಿ ಸೈಕಲ್ ಹಂಚುವುದು ನಿಂತಿತು. ಹಳೆಯವು ಅಕ್ಕನಿಂದ ತಂಗಿಗೆ ಬಂದು ಇನ್ನೂ ಓಡುತ್ತಿವೆ. ಹೋದ ದಸರೆಯ ಸೂಟಿಯಲ್ಲಿ ಕಟಕೋಳದ ಸೈಕಲ್ ರಿಪೇರಿ ಅಂಗಡಿಯಲ್ಲಿ ಗಾಳಿ ಹಾಕಿಸಲು ನಿಂತಿದ್ದೆ. ಅಂಥ ಒಂದು ಸೈಕಲ್ ಹಿಡಿದು ಹುಡುಗಿಯೊಬ್ಬಳು ಬಂದಳು. ಅಂಗಡಿಯವರು ಕೇಳದೆಯೇ ಪಾನಾ ತೆಗೆದುಕೊಂಡು, ಸೀಟಿನ ಬೋಲ್ಟ್ ಸಡಿಲಿಸಿ, ಎರಡು ಬೆರಳಷ್ಟು ಇಳಿಸಿ ಬಿಗಿದರು.

‘ಈಗ ಕಾಲು ನಿಲುಕತಾವಿಲ್ಲೋ ನೋಡ ಯವ್ವಾ.’

‘ನಿಲುಕತಾವ್ರಿ ಕಾಕಾ. ಬ್ರೇಕ್ ನಿಲುಕಂಗಿಲ್ರಿ.’

ಅವರು ಹ್ಯಾಂಡಲ್ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿದರು. ಅದನ್ನು ಹತ್ತಿರ ತರಲು ಅಲ್ಲಿ ಯಾವ ಬೋಲ್ಟೂ ಇರಲಿಲ್ಲ. ‘ಅದು ಸರಿಯಂಗಿಲ್ಲ. ಸಾವಕಾಶ ಹೋಗು’ ಎಂದರು. ಹುಡುಗಿ ಹ್ಞೂಂ ಎಂದು ಹತ್ತಿ ಹೋದಳು.